ಸಾಕಿದ ನಾಯಿಯ ಹಲ್ಲು ತಾಗಿದರೆ?

"ನಮ್ಮ ಮನೆ ಪಾಮೆರೇನಿಯನ್ನೇ ಡಾಕ್ಟ್ರೇ, ಆಡುವಾಗ ಹಲ್ಲು ತಾಗಿತಷ್ಟೆ" ಎನ್ನುತ್ತಾ ತಾಯಂದಿರು ಮಗುವನ್ನು ಕರೆತರುತ್ತಾರೆ. ಗಾಯಕ್ಕೆ ಆಗಲೇ ಅರಿಸಿನ ಮೆತ್ತಿರುತ್ತದೆ!

ಎರಡು-ಮೂರು ಕಿಲೋ ತೂಕದ ಈ ನಾಯಿ ಮುದ್ದಾದುದು, ಚುರುಕಿನದು. ಆದರೆ ಬೇಗ ಬೆದರುತ್ತದೆ. ಉಣ್ಣುವಾಗ, ಮಲಗಿದಾಗ ಮಕ್ಕಳು ಮೈಮುಟ್ಟಿದರೆ ಕಚ್ಚೀತು. ದಪ್ಪ ತುಪ್ಪಳದಿಂದಾಗಿ ಬೇಸಿಗೆಯಲ್ಲಿ ಅದಕ್ಕೆ ನೆರಳು, ನೀರು ಬೇಕೇಬೇಕು.

ಮನೆಯೊಳಗಿನ ನಾಯಿಗೆ ರೇಬಿಸ್ ಎಲ್ಲಿಂದ ಎನ್ನಬೇಡಿ. ಗೇಟಿನ ಬಳಿ ರೋಗವಿರುವ ಬೀದಿನಾಯಿ ಕಚ್ಚಿದರೆ ಸಾಕು. ಮರಿಗೆ ಮೂರು ತಿಂಗಳಾದೊಡನೆ ಲಸಿಕೆ ಹಾಕಿಸಿ. ಆಮೇಲೆ ವರ್ಷವರ್ಷವೂ ಮರೆಯಬೇಡಿ.

ಚರ್ಮ ತರಚಿದ್ದರೂ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ ಬೇಡ. ಅದೇ ದಿನ ವೈದ್ಯರಿಗೆ ತೋರಿಸಿ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ನಮ್ಮ ಬಳಿ ಮದ್ದಿಲ್ಲ. ಹೊಟ್ಟೆಗೆ ಚುಚ್ಚುವ ಹಳೆಯ ಲಸಿಕೆ ಈಗಿಲ್ಲ, ತೋಳಿಗೆ ಕೊಡುತ್ತಾರೆ. ನಾಯಿಯನ್ನು 10 ದಿನ ಗಮನಿಸಿ. ಆದರೆ ಅದಕ್ಕೆಂದು ಕಾದು ಮಗುವಿನ ಚುಚ್ಚುಮದ್ದನ್ನು ಮುಂದೂಡಬೇಡಿ.