ಎಲೆಅಡಿಕೆ ತಟ್ಟೆ ಅಟ್ಟ ಸೇರಿತು

ಕೊಳೆರೋಗ, ಬೋರ್ಡೋ ದ್ರಾವಣ, ಧಾರಣೆ ಇವುಗಳ ನಡುವೆ ಸಂಘದ ಪತ್ರಿಕೆಯಲ್ಲಿ ಮನೆಯ ಕಾಯಿಲೆಯ ವಿಚಾರ ಬರೆಯುವುದು ಸರಿಯೇ ಎಂದು ಬಹಳ ದಿನ ಯೋಚಿಸಿದೆ. ಕಾಯಿಲೆಗೆ ಕಾರಣ ನಾವು ಬೆಳೆಯುವ ಅಡಿಕೆಯೇ ಆಗಿರುವಾಗ ಸಂಕೋಚ ಇನ್ನೂ ಹೆಚ್ಚು. ಆದರೂ ನಮ್ಮ ಮನೆಯಲ್ಲಿ ತಡವಾಗಿ ತಿಳಿದದ್ದು ಇನ್ನೊಬ್ಬ ಸದಸ್ಯರ ಮನೆಯಲ್ಲಿ ಬೇಗ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಕಳೆದ ವರ್ಷ ಅಡಿಕೆ ಸುಲಿತದ ಕಾಲ. ನನ್ನ ಮನೆಯವರು ಊಟಕ್ಕೆ ಕುಳಿತರೆ ಸಾರು ಬಿಟ್ಟು ಬರೀ ಮಜ್ಜಿಗೆ ಅನ್ನ ಉಣ್ಣುತ್ತಿದ್ದರು. ಕೇಳಿದರೆ, "ಬಾಯಿ ಉರಿ, ಉಷ್ಣವಾಗಿರಬೇಕು" ಎನ್ನುತ್ತಿದ್ದರು. ಕೊತ್ತಂಬರಿ ಕಷಾಯ, ಎಳನೀರು ಎಲ್ಲ ಆಯಿತು. ಒಂದು ದಿನ ಬೆಳಿಗ್ಗೆ ಅವರು ಅಕ್ಕಿ ರೊಟ್ಟಿಯನ್ನು ಉಗುರಗಲ ಚೂರು ಮಾಡಿ ತಿನ್ನುವುದನ್ನು ಕಂಡೆ. "ಬಾಯಿ ಮೊದಲಿನಷ್ಟು ತೆರೆಯುವುದಿಲ್ಲ" ಎಂದರು. ಆರು ತಿಂಗಳಿಂದ ಹಾಗೆಯೇ ಇತ್ತಂತೆ. ಕೊಯ್ಲಿನ ಗಡಿಬಿಡಿಯಲ್ಲಿ ಹೇಳಿರಲಿಲ್ಲ.

ಮಂಗಳೂರಿಗೆ ಕರೆದುಕೊಂಡು ಹೋದೆ. ವೈದ್ಯರು ಮೂರು ಬೆರಳು ಜೋಡಿಸಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ನೆಟ್ಟಗೆ ಇಡಲು ಹೇಳಿದರು. ಎರಡು ಬೆರಳು ಹೋಗುವುದೇ ಕಷ್ಟವಾಯಿತು. "ಎಲೆಅಡಿಕೆ ಎಷ್ಟು ವರ್ಷದಿಂದ?" ಎಂದು ಕೇಳಿದರು. "ಮದುವೆಯಾಗಿ ಬಂದಾಗಿನಿಂದ. ಹೊಗೆಸೊಪ್ಪು ಮಾತ್ರ ಮುಟ್ಟಿದವಳಲ್ಲ" ಎಂದರು ನಮ್ಮವರು. ಹೊಗೆಸೊಪ್ಪಿಲ್ಲದಿದ್ದರೆ ಬಾಧಕವಿಲ್ಲವೆಂದು ನಾನೂ ನಂಬಿದ್ದೆ.

ಅದು ತಪ್ಪು ನಂಬಿಕೆ. ಅಡಿಕೆಯಲ್ಲಿರುವ ಅರೆಕೋಲಿನ್ ಮುಂತಾದ ಅಂಶಗಳಿಂದ ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆದು ಬಿಗಿಯುತ್ತದೆ. ಮೊದಲು ಖಾರ ತಾಗಿದರೆ ಉರಿ. ಆಮೇಲೆ ಕೆನ್ನೆಯ ಒಳಗೆ ಬಿಳಿಚಿಕೊಳ್ಳುತ್ತದೆ, ಬಾಯಿ ಕಿರಿದಾಗುತ್ತದೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಎಲ್ಲರಿಗಲ್ಲದಿದ್ದರೂ ಕೆಲವರಿಗೆ ಇದು ಮುಂದೆ ಕ್ಯಾನ್ಸರಿಗೆ ತಿರುಗುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1985ರಲ್ಲಿ ಹೊಗೆಸೊಪ್ಪು ಸೇರಿದ ತಾಂಬೂಲವನ್ನು ಕ್ಯಾನ್ಸರ್‌ಕಾರಕವೆಂದಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ, ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು.

ಕೆನ್ನೆಯ ಒಳಗಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ಎಂಟು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ದೇವರ ದಯೆ, ಕ್ಯಾನ್ಸರ್ ಇರಲಿಲ್ಲ. "ಕಳೆದುಕೊಂಡದ್ದು ಪೂರ್ತಿ ಹಿಂದಿರುಗದು. ಇಂದೇ ಬಿಟ್ಟರೆ ಮುಂದಿನದನ್ನು ತಡೆಯಬಹುದು" ಎಂದರು ವೈದ್ಯರು.

ಅವರೊಬ್ಬರಿಗೆ ಬಿಡಿ ಎಂದು ಹೇಳಿ ನಾನು ಎದುರಿಗೆ ಕುಳಿತು ಅಡಕತ್ತರಿ ಆಡಿಸುವುದು ನ್ಯಾಯವಲ್ಲ. ನಾನೂ ಬಿಟ್ಟೆ. ಮೊದಲ ವಾರ ತಲೆನೋವು, ಸಿಡುಕು. ಊಟವಾದರೂ ಊಟ ಮುಗಿದಂತೆನಿಸದು. ಏಲಕ್ಕಿ, ಒಣಗಿಸಿದ ನೆಲ್ಲಿಕಾಯಿ ಹಾಕಿಕೊಂಡು ಸುಧಾರಿಸಿದೆವು. ಕುಟ್ಟಾಣಿ ಹಿಡಿದ ನಮ್ಮ ಅಮ್ಮ, "ಅರವತ್ತು ವರ್ಷ ಹಾಕಿದ್ದೇನೆ, ನನಗೇನಾಗಿದೆ?" ಎಂದು ಸಿಟ್ಟಾದರು. ವಾದಿಸಲು ಹೋಗಲಿಲ್ಲ. ಹದಿನೈದು ದಿನ ಕಳೆದ ಮೇಲೆ ಸೊಸೆ ರೊಟ್ಟಿ ಚೂರು ಮಾಡುವುದನ್ನು ನೋಡಿ, ಅವರೇ ಕುಟ್ಟಾಣಿಯನ್ನೂ ಜಗಲಿಯ ತಟ್ಟೆಯನ್ನೂ ಅಟ್ಟಕ್ಕೆ ಕಳಿಸಿದರು. ದೇವರ ಮುಂದಿನ ಹರಿವಾಣ ಮಾತ್ರ ಹಾಗೆಯೇ ಇದೆ.

ಸುಲಿತಕ್ಕೆ ಬಂದವರಿಗೆ ಎಲೆಅಡಿಕೆ, ಹೊಗೆಸೊಪ್ಪು ಕೊಡುವುದು ನಮ್ಮಲ್ಲಿ ವಾಡಿಕೆ. ಈ ಸಲ ಅದರ ಬದಲು ಅವಲಕ್ಕಿ, ಎರಡು ಸರ್ತಿ ಕಾಫಿ ಎಂದು ಮಾಡಿದೆವು. ಗೊಣಗಿದವರಿದ್ದರು. ಕಾರಣ ತಿಳಿಸಿದ ಮೇಲೆ ಇಬ್ಬರು ತಾವಾಗಿ ಬಂದು, "ಅಯ್ಯ, ನಮಗೂ ಬಾಯಿ ಉರಿ" ಎಂದರು. ಅವರನ್ನೂ ಆಸ್ಪತ್ರೆಗೆ ಕರೆದೊಯ್ದೆ.

ಈಗ ನಮ್ಮವರಿಗೆ ಉರಿ ಬಹಳ ಕಡಿಮೆ. ವೈದ್ಯರು ಹೇಳಿದಂತೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಹಲ್ಲಿನ ನಡುವೆ ಇಟ್ಟು ದಿನವೂ ವ್ಯಾಯಾಮ ಮಾಡುತ್ತಾರೆ. ಮೊದಲು ಹದಿನಾಲ್ಕು ಕಡ್ಡಿ ಹಿಡಿಯುತ್ತಿತ್ತು, ಈಗ ಹದಿನಾರು. ಆರು ತಿಂಗಳಿಗೊಮ್ಮೆ ತಪಾಸಣೆ ತಪ್ಪಿಸುವಂತಿಲ್ಲ.

"ಇದನ್ನು ಬರೆದರೆ ಧಾರಣೆಗೆ ಪೆಟ್ಟಲ್ಲವೇ?" ಎಂದು ಮಿತ್ರರೊಬ್ಬರು ಕೇಳಿದರು. ನನ್ನ ಜೀವನವೂ ಅದೇ ತೋಟದಿಂದ; ಮಕ್ಕಳು ಓದಿದ್ದು ಅದೇ ಹಣದಲ್ಲಿ. ಹಾಗೆಂದು ಮನೆಯವರ ಬಾಯಿ ಮುಚ್ಚಿಹೋಗುತ್ತಿರುವಾಗ ನಾನು ಬಾಯಿ ಮುಚ್ಚಿಕೊಂಡಿರಲಾರೆ. ಚೊಗರಿನಿಂದ ಬಟ್ಟೆಗೆ ಬಣ್ಣ, ಹಾಳೆಯಿಂದ ತಟ್ಟೆ ಮಾಡುವುದು ಈಗಾಗಲೇ ನಡೆದಿದೆ. ಬಾಯಿಗಲ್ಲದ ಇಂಥ ಬಳಕೆಗಳು ಹೆಚ್ಚುವಂತೆ ಸಂಘ ದುಡಿಯಲಿ ಎಂಬುದು ನನ್ನ ಕೋರಿಕೆ.

ಸದಸ್ಯ ಬಂಧುಗಳು ಇಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಮೂರು ಬೆರಳಿಟ್ಟು ನೋಡಿಕೊಳ್ಳಿ. ಬೆರಳು ಹೋಗದಿದ್ದರೆ, ಖಾರ ತಿಂದಾಗ ಉರಿಯಿದ್ದರೆ, ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಮರುದಿನವೇ ವೈದ್ಯರಲ್ಲಿಗೆ ಹೋಗಿ.