ಒಳ್ಳೆಮೆಣಸು

ಪುತ್ತೂರು ಸೀಮೆಯ ಅಡಕೆ ತೋಟವೊಂದರ ಅಂಗಳದಲ್ಲಿ, ಮಾಘಮಾಸದ ಎಳೆಬಿಸಿಲಿಗೆ ಹರವಿದ್ದ ಕಾಳಿನ ಮೇಲೆ ಕೈಯಾಡಿಸುತ್ತ ಕುಳಿತಿದ್ದ, ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು "ಕಾಳುಮೆಣಸು ಒಣಗಿತೆ?" ಎಂದು ಕೇಳಿದೆ. "ನಮ್ಮಲ್ಲಿ ಇದಕ್ಕೆ ಒಳ್ಳೆಮೆಣಸು ಅಂತ ಹೇಳುವುದು. ಬರೀ ಮೆಣಸು ಅಂದರೆ ಆ ಕೆಂಪಿನದ್ದು" ಎಂದು ಅವರು ತಿದ್ದಿದರು.

ವಸ್ತುತಃ ಮೆಣಸೆಂಬ ನಾಮಧೇಯಕ್ಕೆ ಮೂಲದ ಹಕ್ಕುದಾರ ಈ ಕರಿಯ ಕಾಳೇ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಡನೆ ಅಮೆರಿಕ ಖಂಡದ ಕಾಯಿಯೊಂದು ನಮ್ಮ ಕರಾವಳಿಗೆ ಬಂದಿಳಿದಾಗ, ಖಾರವೆಂಬ ಒಂದೇ ಸಾದೃಶ್ಯದಿಂದ ಜನರು ಅದನ್ನು ಮೆಣಸಿನಕಾಯಿಯೆಂದರು. ಕಾಲಾಂತರದಲ್ಲಿ ತುಳುನಾಡಿನ ಕನ್ನಡದಲ್ಲಿ ಮೆಣಸೆಂಬ ಹೆಸರೂ ಅದರ ಪಾಲಾಗಿ, ಹಿಂದಿನ ಒಡೆಯನಿಗೆ ವಿಶೇಷಣವೊಂದು ಅನಿವಾರ್ಯವಾಯಿತು. ತುಳುವರು ಎಡ್ಡೆಮುಂಚಿಯೆಂದರು, ಮಲೆಯಾಳಿಗಳು ನಲ್ಲಮುಳಕ್ ಎಂದರು. ಹೆಸರು ಹೋದರೂ ಒಳ್ಳೆಯದೆಂಬ ಗೌರವವನ್ನು ಯಾರೂ ಕಸಿದುಕೊಳ್ಳಲಿಲ್ಲ. ಪಾಶ್ಚಾತ್ಯರ ಪೆಪ್ಪರ್ ಎಂಬ ಶಬ್ದವಾದರೋ ಹಿಪ್ಪಲಿಯ ಸಂಸ್ಕೃತ ನಾಮವಾದ ಪಿಪ್ಪಲಿಯಿಂದ ಹೊರಟು ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಹಾದು ಬಂದದ್ದು. ಸಂಸ್ಕೃತದ ಮರೀಚಕ್ಕೆ ಅಲ್ಲಿಯೂ ದೊರೆತದ್ದು ಎರವಲಿನ ಹೆಸರೇ.

ಕ್ರಿ.ಶ. 408ರಲ್ಲಿ ರೋಮ್ ನಗರವನ್ನು ಮುತ್ತಿದ ಅಲಾರಿಕನು ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿಗಳೊಡನೆ 3,000 ಪೌಂಡು ಮೆಣಸೂ ಇದ್ದಿತು. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ರೈನಾ ದ ಪಿಮೆಂಟಾ', ಅರ್ಥಾತ್ ಮೆಣಸಿನ ರಾಣಿಯೆಂದು ಕರೆದರು.

ತೆನೆಯಲ್ಲಿ ಒಂದೆರಡು ಕಾಳು ಕೆಂಪೇರಿದೊಡನೆ ಕೊಯ್ದು, ಬಿಡಿಸಿ ಒಣಗಿಸಿದರೆ ಸಿಪ್ಪೆ ಸುಕ್ಕುಗಟ್ಟಿ ಕಪ್ಪಾಗುತ್ತದೆ. ಹಣ್ಣಾದುದನ್ನು ನೀರಿನಲ್ಲಿ ನೆನೆಯಿಟ್ಟು ಸಿಪ್ಪೆ ಕಳಚಿದರೆ ಅದೇ ಬಿಳಿಮೆಣಸು.

ಜೀರಿಗೆಯೊಡನೆ ಕುಟ್ಟಿ ಹಾಕಿದ ನೆಗಡಿಯ ದಿನದ ಸಾರು, ಬಾಣಂತಿಯ ಊಟ, ಕೊಡಗಿನ ಪಂದಿಕರಿ, ತುಪ್ಪದಲ್ಲಿ ಹುರಿದ ಇಡಿಯ ಕಾಳು ಹಲ್ಲಿಗೆ ಸಿಕ್ಕುವ ಹುಗ್ಗಿ, ಇವೆಲ್ಲವೂ ಅದರ ಉಳಿದ ಸೀಮೆಗಳೇ. ಆದರೆ ಅದು ಇಂದಿಗೂ ಏಕಚ್ಛತ್ರವಾಗಿ ಆಳುವುದು ಶ್ರಾದ್ಧದ ಅಡುಗೆಯನ್ನು. "ತಿಥಿಯ ದಿನ ಕೆಂಪು ಮೆಣಸು ಒಳಗೆ ಬರಲಿಕ್ಕಿಲ್ಲ. ಹಿರಿಯರು ಅದನ್ನು ಕಂಡವರಲ್ಲವಲ್ಲ" ಎಂದರು ಅಜ್ಜಿ. ಪಿತೃಗಳಿಗೆ ಅವರ ಕಾಲದ ರುಚಿಯನ್ನೇ ಬಡಿಸಬೇಕೆಂಬ ಈ ಮಾತಿಗಿಂತ ಸುಂದರವಾದ ವ್ಯಾಖ್ಯಾನವನ್ನು ನಾನು ಎಲ್ಲಿಯೂ ಕೇಳಿಲ್ಲ. ಅಂದು ಕಾಳನ್ನು ಆಗಿಂದಾಗಲೇ ಅರೆಯುವುದು ಆ ಮನೆಯ ನೇಮ. ಅದು ಯುಕ್ತವೂ ಹೌದು, ಏಕೆಂದರೆ ಪುಡಿಮಾಡಿಟ್ಟ ಮೆಣಸಿನಲ್ಲಿ ಖಾರ ಉಳಿದರೂ ಪರಿಮಳದ ತೈಲ ಬೇಗನೆ ಆರಿಹೋಗುತ್ತದೆ.

ಅಜ್ಜಿಯ ಅತ್ತೆಯವರು ಹಲಸಿನ ಮರಕ್ಕೆ ಹಬ್ಬಿಸಿದ್ದ ಬಳ್ಳಿ ಕಳೆದ ಮಳೆಗಾಲದಲ್ಲಿ ಸೊರಗುರೋಗಕ್ಕೆ ಸಿಕ್ಕಿ, ಕೆಲವೇ ವಾರಗಳಲ್ಲಿ ಎಲೆಯುದುರಿಸಿ ಒಣಗಿತಂತೆ. ಅಂಗಳದಲ್ಲಿದ್ದುದು ಹೊಸ ಬಳ್ಳಿಗಳ ಕಾಳು. ಹಳೆಯ ಬಳ್ಳಿಯ ಕೊನೆಯ ಕೊಯ್ಲಿನ ಒಂದು ಸೇರನ್ನು, ಅತ್ತೆಯವರ ತಿಥಿಗೆಂದು, ಅವರು ಭರಣಿಯಲ್ಲಿ ಬೇರೆಯಾಗಿ ತೆಗೆದಿಟ್ಟಿದ್ದಾರೆ.