ಸಿಟ್ಟಿಗೂ ಒಂದು ವಿಳಾಸವಿರಲಿ

ಕೆಲವು ವರ್ಷಗಳ ಹಿಂದಿನ ಮಾತು. ನಿದ್ದೆಗೆಟ್ಟು ನಾನು ಸಿದ್ಧಪಡಿಸಿದ್ದ ವರದಿಯನ್ನು ಮೇಲಧಿಕಾರಿಯೊಬ್ಬರು ತಮ್ಮ ಹೆಸರಿನಲ್ಲೇ ಸಭೆಯಲ್ಲಿ ಮಂಡಿಸಿದರು. ನಾನು ತುಟಿ ಬಿಚ್ಚಲಿಲ್ಲ. ಅಂದು ಸಂಜೆ, ಮಗ್ಗಿ ತಪ್ಪಿದಳೆಂಬ ಕಾರಣಕ್ಕೆ ಎಂಟು ವರ್ಷದ ಮಗಳ ಮೇಲೆ ಹರಿಹಾಯ್ದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ! ಕಣ್ಣೊರೆಸಿಕೊಳ್ಳುತ್ತಾ ಅವಳು ಕೇಳಿದಳು: 'ಅಪ್ಪಾ, ಆಫೀಸಿನಲ್ಲಿ ನಿಂಗೆ ಯಾರು ಬೈದ್ರು?'

ಉತ್ತರಿಸಲು ನನಗೆ ನಾಲಿಗೆ ಏಳಲಿಲ್ಲ.

ಅರಿಷಡ್ವರ್ಗಗಳಲ್ಲಿ ಕಾಮದ ನಂತರದ ಸ್ಥಾನವನ್ನೇ ಕ್ರೋಧಕ್ಕೆ ಕೊಟ್ಟ ಪರಂಪರೆ ನಮ್ಮದು. 'ಬಡವನ ಕೋಪ ದವಡೆಗೆ ಮೂಲ' ಎಂಬ ಗಾದೆಯಂತೂ ದುರ್ಬಲರು ಸಿಟ್ಟಾಗುವುದೇ ಅವಿವೇಕವೆಂದು ಎಚ್ಚರಿಸುತ್ತದೆ. ಆದರೆ ಕೋಪವು ಮೂಲತಃ ಒಂದು ಸೂಚನೆ. ಅನ್ಯಾಯವಾಗಿದೆ ಎಂದು ಮನಸ್ಸಿಗೆ ತಟ್ಟಿದಾಗ ಅಡ್ರಿನಲಿನ್ ಸ್ರವಿಸುತ್ತದೆ, ಎದೆಬಡಿತ ಏರುತ್ತದೆ, ದೇಹ ಎದುರಿಸಲು ಅಣಿಯಾಗುತ್ತದೆ. ಜ್ವರದಂತೆ ಇದೂ ರೋಗವಲ್ಲ, ಲಕ್ಷಣ. ಅದನ್ನು ಅದುಮಿಟ್ಟ ಮಾತ್ರಕ್ಕೆ ಕಾರಣ ಅಳಿಯುವುದಿಲ್ಲ.

ಹಾಗೆಂದು ಕೂಗಾಡಿ ಹಗುರಾಗುವುದೂ ಮದ್ದಲ್ಲ. ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಚೀಲಕ್ಕೆ ಗುದ್ದಿದವರ ಕೋಪ, ಸುಮ್ಮನೆ ಕುಳಿತವರ ಕೋಪಕ್ಕಿಂತ ಹೆಚ್ಚಾಗಿಯೇ ಇತ್ತು.

ಹಾಗಾದರೆ ದಾರಿ ಯಾವುದು? ನನಗೆ ಮಹಾಡ್ ನೆನಪಾಗುತ್ತದೆ. ಅಲ್ಲಿನ ಪುರಸಭೆ ಚವದಾರ್ ಕೆರೆಯನ್ನು ಎಲ್ಲರಿಗೂ ಮುಕ್ತವೆಂದು ಸಾರಿದ್ದರೂ ದಲಿತರು ಅದರ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ತಮ್ಮ ಜನರೊಂದಿಗೆ ನಡೆದುಹೋಗಿ ಆ ನೀರನ್ನು ಕುಡಿದರು. ಬಳಿಕ ಹಲ್ಲೆ ನಡೆದಾಗಲೂ ತಮ್ಮವರನ್ನು ಪ್ರತಿದಾಳಿಯಿಂದ ತಡೆದರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. 1937ರಲ್ಲಿ ಬಾಂಬೆ ಹೈಕೋರ್ಟ್ ದಲಿತರ ಪರವಾಗಿ ತೀರ್ಪಿತ್ತಿತು. ಹತ್ತು ವರ್ಷ ಆರದೆ, ಆದರೆ ಯಾರನ್ನೂ ಸುಡದೆ ಉಳಿದ ಕೋಪವದು. ಗುರಿ ಸ್ಪಷ್ಟವಿದ್ದುದರಿಂದಲೇ ಅದು ದವಡೆಗೆ ಮೂಲವಾಗಲಿಲ್ಲ, ಹಕ್ಕಿಗೆ ಮೂಲವಾಯಿತು.

ಅಷ್ಟು ದೊಡ್ಡ ಹೋರಾಟದ ಪಕ್ಕದಲ್ಲಿ ನನ್ನ ಕಚೇರಿಯ ಅಸಮಾಧಾನವನ್ನಿಡಲು ಸಂಕೋಚವಾಗುತ್ತದೆ. ಆದರೂ ಪಾಠ ಒಂದೇ. ಮರುದಿನ ಮೊದಲು ಮಗಳ ಕ್ಷಮೆ ಕೇಳಿದೆ. ಅನಂತರ ಮೇಲಧಿಕಾರಿಯ ಕೋಣೆಗೆ ಹೋಗಿ, 'ಆ ವರದಿ ನನ್ನದು ಸರ್, ನನ್ನ ಹೆಸರು ಇರಬೇಕಿತ್ತು' ಎಂದೆ. ದನಿ ನಡುಗಿತು, ಏರಲಿಲ್ಲ. ಅವರು 'ನೋಡೋಣ' ಎಂದರು. ಹೆಸರು ಕೊನೆಗೂ ಸೇರಲಿಲ್ಲ.

ಆದರೆ ಅಂದು ಸಂಜೆ ಮಗಳು ಏಳರ ಮಗ್ಗಿಯಲ್ಲಿ ಎರಡು ಸಲ ತಪ್ಪಿದಳು. ನನಗೆ ಸಿಟ್ಟು ಬರಲಿಲ್ಲ. ಅದು ಸೇರಬೇಕಾದಲ್ಲಿಗೆ ಆಗಲೇ ಸೇರಿತ್ತು.